ರೆಕಾರ್ಡು ಪುಸ್ತಕದ ಪಾಠಾಂತರಗಳು

ಬಿ.ಎಲ್. ರೈಸ್ 1901ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಹೊರತಂದು ಕಡೂರು ಜಿಲ್ಲೆಯ ಶಾಸನಗಳನ್ನು ಲೋಕಕ್ಕೆ ಕೊಟ್ಟರು. ಆಗಿನ್ನೂ ಜಿಲ್ಲೆಗೆ ಕಡೂರಿನದೇ ಹೆಸರು. ಚಿಕ್ಕಮಗಳೂರಿನ ಹೆಸರು ಬಿದ್ದದ್ದು 1947ರಲ್ಲಿ. ಕಡೂರಿನ ಹಿರಿಯರಿಗೆ ಈ ವಿಷಯದಲ್ಲಿ ಸಣ್ಣದೊಂದು ಮುನಿಸು ಇದ್ದರೆ ಆಶ್ಚರ್ಯವಿಲ್ಲ, ಆದರೆ ಅದು ಬೇರೆ ಪ್ರಬಂಧದ ವಸ್ತು. ಪ್ರಕೃತ ಹೇಳಬೇಕಾದದ್ದು, ರೈಸ್ ಸಂಪುಟಕ್ಕೆ ಸಿಕ್ಕದೆ ಹೋದ ಎರಡು ಆಕರಗಳ ಬಗ್ಗೆ. ಒಂದು, ಕೈವಾರದ ಮೊನೆಯಿಂದ ಪ್ರಯೋಗಾಲಯದ ಮೇಜಿನ ಮೇಲೆ ಕೊರೆದ ಶಾಸನಗಳು. ಇನ್ನೊಂದು, ಖಾಕಿ ಬೈಂಡು ಹಾಕಿ ಹೆಸರಿನ ಚೀಟಿ ಅಂಟಿಸಿದ ಭೌತ, ರಸಾಯನಶಾಸ್ತ್ರದ ರೆಕಾರ್ಡು ಪುಸ್ತಕಗಳು. ಮೊದಲನೆಯವುಗಳಲ್ಲಿ ಒಂದು ಹೃದಯ, ಒಂದು ಬಾಣ, ಎರಡು ಇನಿಷಿಯಲ್ಲು ಬಿಟ್ಟರೆ ಸಾಹಿತ್ಯಾಂಶ ಕಡಿಮೆ. ಹಾಗಾಗಿ ಈ ಪ್ರಬಂಧ ಎರಡನೆಯದಕ್ಕೆ ಮೀಸಲು.

ಅಧ್ಯಯನದ ಕ್ಷೇತ್ರ ಕಡೂರು, ತರೀಕೆರೆ ಮತ್ತು ತರೀಕೆರೆಯಿಂದ ಬೇರೆ ಮನೆ ಮಾಡಿಕೊಂಡು ತಾಲ್ಲೂಕಾದ ಅಜ್ಜಂಪುರ. ಶಾಲೆ ಕಾಲೇಜುಗಳ ಹೆಸರು ಹೇಳಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಪ್ರತಿಗಳೆಲ್ಲ ಒಂದೇ.

ಈ ಪರಂಪರೆಯ ಮೂಲಸೂತ್ರ ಹೀಗಿದೆ: ‘ಫಲಿತಾಂಶವು ಅನಾದಿ, ಪ್ರಯೋಗವು ಆಗಂತುಕ.’ ಭಾಷ್ಯ ಬರೆಯುವ ಮೊದಲು ಹಸ್ತಪ್ರತಿಯ ಲಕ್ಷಣ ನೋಡೋಣ. ಬಲಪುಟಕ್ಕೆ ಗೆರೆ ಉಂಟು. ಅಲ್ಲಿ ಉದ್ದೇಶ, ಸಾಮಗ್ರಿ, ತತ್ವ, ವಿಧಾನ ಎಲ್ಲವೂ ಶಾಯಿಯಲ್ಲಿ. ಎಡಪುಟ ಖಾಲಿ ಹಾಳೆ. ಅಲ್ಲಿ ಪೆನ್ಸಿಲಿನ ಚಿತ್ರ, ಓದಿಕೆಗಳ ಕೋಷ್ಟಕ. ಓದುವ ಕ್ರಮ ಮೇಲಿನಿಂದ ಕೆಳಕ್ಕೆ. ಬರೆಯುವ ಕ್ರಮ ಕೆಳಗಿನಿಂದ ಮೇಲಕ್ಕೆ: ಮೊದಲು ಫಲಿತಾಂಶ, ಆಮೇಲೆ ಅದಕ್ಕೆ ತಕ್ಕ ಸರಾಸರಿ, ಆ ಸರಾಸರಿಗೆ ತಕ್ಕ ಆರು ಓದಿಕೆ. ಆರರಲ್ಲಿ ಒಂದನ್ನು ತುಸು ಸೊಟ್ಟಗೆ ಬರೆಯುವುದು ನುರಿತ ಲಿಪಿಕಾರನ ಗುರುತು. ಎಲ್ಲವೂ ಸರಿಯಾಗಿದ್ದರೆ ಮೇಷ್ಟ್ರಿಗೆ ಅನುಮಾನ ಬರುತ್ತದೆ.

ತರೀಕೆರೆ ಬಳಿಯ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿದ್ದು 1196ರಲ್ಲಿ. ಅಲ್ಲಿಯ ಶಾಸನಕ್ಕೆ ಪದ್ಯ ಕಟ್ಟಿದವನು ಕವಿ ಜನ್ನ; ಕಲ್ಲಿನ ಮೇಲೆ ಕೊರೆದವನ ಕೈ ಬೇರೆಯೇ. ಅದೇ ಸೀಮೆಯ ರೆಕಾರ್ಡು ಪುಸ್ತಕದಲ್ಲೂ ಈ ಶ್ರಮವಿಭಜನೆ ಉಳಿದುಬಂದಿರುವುದು ಸಂತೋಷದ ಸಂಗತಿ: ರಚನೆ ಹಿಂದಿನ ವರ್ಷದ ಸೀನಿಯರ್‌ನದು, ಲಿಪಿ ವಿದ್ಯಾರ್ಥಿಯ ಅಕ್ಕನದು, ಸಹಿ ಮೇಷ್ಟ್ರದು. ಇಲ್ಲಿ ವಂಶಾವಳಿಯ ಸಮಸ್ಯೆ ಹುಟ್ಟುತ್ತದೆ. ಅಜ್ಜಂಪುರದಲ್ಲಿ 1929ರಿಂದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಹೋರಿಗೆ ಇಂಥದೇ ತಾಯಿ, ಇಂಥದೇ ತಂದೆ ಎಂಬುದು ಮುಖ್ಯವಾದ ಆ ಊರಿನಲ್ಲಿ, ಲೋಲಕದ ಓದಿಕೆಗಳು ಯಾರ ರೆಕಾರ್ಡಿನಿಂದ ಯಾರ ರೆಕಾರ್ಡಿಗೆ ಇಳಿದವೆಂದು ಯಾರೂ ಬರೆದಿಡಲಿಲ್ಲ. ಮಾತೃಕೆ ಪತ್ತೆ ಮಾಡಲು ನಮಗೆ ಉಳಿದದ್ದು ಲಿಪಿಕಾರ ದೋಷಗಳೊಂದೇ.

ಅಂಥ ಒಂದು ದೋಷ ಗಮನಾರ್ಹ. ಸರಳ ಲೋಲಕದ ಪ್ರಯೋಗದಲ್ಲಿ, ಐದನೆಯ ಓದಿಕೆ ಇರಬೇಕಾದ ಕಡೆ ಹಲವು ಪ್ರತಿಗಳಲ್ಲಿ ‘ಕರೆಂಟ್ ಇಲ್ಲ’ ಎಂಬ ಪಾಠವಿದೆ. ಲೋಲಕಕ್ಕೆ ಬೇಕಾದದ್ದು ದಾರ, ಗುಂಡು, ಬಿರಡೆ. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಮೂಲದಲ್ಲಿ ಇದು ಓಮನ ನಿಯಮದ ಪುಟದಲ್ಲಿದ್ದು, ಹಾಳೆ ಮಗುಚುವಾಗ ಕಣ್ಣು ತಪ್ಪಿ ಇಲ್ಲಿಗೆ ನುಸುಳಿತೆಂಬುದು ಒಂದು ಪಕ್ಷ. ಕೋಣೆಯಲ್ಲಿ ಫ್ಯಾನು ನಿಂತುಹೋದದ್ದರ ಬಗ್ಗೆ ಯಾರೋ ಬರೆದ ಆತ್ಮಕಥನದ ತುಣುಕೆಂಬುದು ಇನ್ನೊಂದು. ಎರಡನೆಯದೇ ನಿಜವಾದರೆ, ಈ ಇಡೀ ವಾಙ್ಮಯದಲ್ಲಿ ಕಣ್ಣಾರೆ ಕಂಡು ಬರೆದ ವೀಕ್ಷಣೆ ಇದೊಂದೇ ಆಗುತ್ತದೆ.

ಈಗ ಗುರುತ್ವದ ವಿಚಾರ. ಎಲ್ಲ ಪ್ರತಿಗಳಲ್ಲೂ, ಮಿಕ್ಕ ಪಾಠಾಂತರಗಳು ಏನೇ ಇರಲಿ, ಗುರುತ್ವ ವೇಗೋತ್ಕರ್ಷದ ಬೆಲೆ 9.81. ರೈಸ್ ಅವರ ಸಂಪುಟ ಬಂದ ಅದೇ 1901ರಲ್ಲಿ ತೂಕ ಮತ್ತು ಅಳತೆಗಳ ಅಂತಾರಾಷ್ಟ್ರೀಯ ಸಮ್ಮೇಳನ 9.80665 ಎಂಬ ಪ್ರಮಾಣಬೆಲೆಯನ್ನು ನಿಗದಿ ಮಾಡಿತು. ಅದು 45 ಡಿಗ್ರಿ ಅಕ್ಷಾಂಶದ ಸಮುದ್ರಮಟ್ಟಕ್ಕೆ ಹೊಂದುವ ಲೆಕ್ಕ. ಕಡೂರು ಇರುವುದು ಹದಿಮೂರೂವರೆ ಡಿಗ್ರಿಯಲ್ಲಿ, ಸಮುದ್ರದಿಂದ ಸುಮಾರು 760 ಮೀಟರ್ ಎತ್ತರದಲ್ಲಿ. ಭೂಮಿ ನಡುವಿನಲ್ಲಿ ತುಸು ಉಬ್ಬಿದೆ, ಮೇಲಾಗಿ ಸುತ್ತುತ್ತಿದೆ. ಸಮಭಾಜಕದ ಕಡೆ ಬಂದಷ್ಟೂ, ಮೇಲೆ ಹತ್ತಿದಷ್ಟೂ ಎಳೆತ ಕಡಿಮೆ. ಹಾಗಾಗಿ ಕಡೂರಿನ ನಿಜವಾದ ಬೆಲೆ 9.78ರ ಆಸುಪಾಸು. ಅಂದರೆ ಈ ಮೂರು ತಾಲ್ಲೂಕಿನ ಮಕ್ಕಳು ತಲೆಮಾರುಗಳಿಂದ ಯೂರೋಪಿನ ಗುರುತ್ವವನ್ನು ಕಡೂರಿನಲ್ಲಿ ಕುಳಿತು ಅಳೆಯುತ್ತಿದ್ದಾರೆ. ಯೂರೋಪಿನಲ್ಲೇ ಕುಳಿತು ಅಳೆದವರಿಗೆ ಇಷ್ಟು ಕರಾರುವಾಕ್ಕಾಗಿ ಸಿಕ್ಕಿರಲಾರದು.

ಇದರ ಮಹಿಮೆ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಒಂದು ಮೀಟರ್ ಉದ್ದದ ಲೋಲಕ ಇಪ್ಪತ್ತು ಸಲ ಆಡಲು, ಬೆಲೆ 9.81 ಆದರೆ 40.12 ಸೆಕೆಂಡು, 9.78 ಆದರೆ 40.18 ಸೆಕೆಂಡು ಬೇಕು. ವ್ಯತ್ಯಾಸ 0.06 ಸೆಕೆಂಡು. ಮನುಷ್ಯ ನೋಡಿ, ಬೆರಳು ಒತ್ತಿ, ಗಡಿಯಾರ ನಿಲ್ಲಿಸುವ ಹೊತ್ತಿಗೆ 0.2 ಸೆಕೆಂಡು ಕಳೆದಿರುತ್ತದೆ. ಅಷ್ಟು ಸೂಕ್ಷ್ಮವನ್ನು ಒಂದು ಬೆಂಚಿನ ಎಂಟೂ ಜನ ಒಟ್ಟಿಗೆ ಹಿಡಿದು, ಎಂಟೂ ಜನ ಒಂದೇ ಬೆಲೆಗೆ ತಲುಪುವುದು ಪವಾಡ. ಅಕಸ್ಮಾತ್ ಒಬ್ಬ ಹುಡುಗಿ ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಕೊಕ್ಕೆಯವರೆಗೆ ಅಳೆದು 9.6 ತಂದರೆ, ಅವಳಿಗೆ ಸಿಗುವ ಉತ್ತರ ‘ಸರಿ ಮಾಡ್ಕೊಂಡು ಬಾರಮ್ಮ’. ಎಲ್ಲಿ ತಪ್ಪಿತೆಂದು ಯಾರೂ ಕೇಳುವುದಿಲ್ಲ. ಅವಳು ಸರಿ ಮಾಡುವುದು ಅಂಕಿಯನ್ನು. ದಾರ ಇದ್ದ ಹಾಗೇ ಇರುತ್ತದೆ.

ತರೀಕೆರೆಯ ಕೆರೆ ಏರಿಯ ಮೇಲೆ ಕರಿ ಕುರಿಮರಿಗಳು ಮೂರೆಂದು ನಾಡಿನ ಮಕ್ಕಳೆಲ್ಲ ನಾಲಿಗೆ ಹೊರಳಿಸಿ ಹೇಳುತ್ತಾರೆ. ಹೋಗಿ ಎಣಿಸಿದವರಿಲ್ಲ. ನಮ್ಮ ಸೂತ್ರಕ್ಕೆ ಇದಕ್ಕಿಂತ ಪ್ರಾಚೀನ ಆಧಾರ ಬೇಕಿಲ್ಲ.

ರಸಾಯನಶಾಸ್ತ್ರದಲ್ಲಿ ಪ್ರಮಾಣಗಳು ಮೂರು. ಲವಣ ವಿಶ್ಲೇಷಣೆಯನ್ನೇ ತೆಗೆದುಕೊಳ್ಳಿ. ನೀಲಿ ಇದ್ದರೆ ತಾಮ್ರ, ಗುಲಾಬಿ ಇದ್ದರೆ ಕೋಬಾಲ್ಟ್, ಇದು ಪ್ರತ್ಯಕ್ಷ. ಬೆಳಗಿನ ಬ್ಯಾಚಿಗೆ ಬೇರಿಯಂ ಕೊಟ್ಟಿದ್ದಾರೆ, ಆದ್ದರಿಂದ ಮಧ್ಯಾಹ್ನದವರಿಗೆ ಅದು ಇರಲಾರದು; ಇದು ಅನುಮಾನ. ಬಿಳಿ ಪುಡಿ ಸಿಕ್ಕಿ ಎರಡೂ ಕೈಕೊಟ್ಟಾಗ ಶರಣು ಹೋಗಬೇಕಾದದ್ದು ಆಪ್ತವಾಕ್ಯಕ್ಕೆ, ಅಂದರೆ ಅಟೆಂಡರ್‌ಗೆ. ಪ್ರಾಕ್ಟಿಕಲ್ಲಿನ 30 ಅಂಕ ನಿಂತಿರುವುದು ಈ ಮೂರನೆಯ ಪ್ರಮಾಣದ ಮೇಲೆ. ಕ್ಷೇತ್ರಕಾರ್ಯದಲ್ಲಿ ನಮಗೆ ದೊರೆತ ಒಂದು ಸಂವಾದವನ್ನು ಇಲ್ಲಿ ಉದ್ಧರಿಸುತ್ತೇವೆ.

“ಅಣ್ಣಾ, ನಂದು ಯಾವ್ದಣ್ಣ?”

“ಅಂಗೈ ಮೇಲೆ ಚೂರು ಹಾಕ್ಕೊಂಡು ಸುಣ್ಣ ಹಚ್ಚಿ ತಿಕ್ಕು. ಮೂಸು.”

ಸುಣ್ಣ ಬಂದದ್ದು ಅಟೆಂಡರ್ ಅಣ್ಣನ ಎಲೆಯಡಿಕೆ ಸಂಚಿಯ ಡಬ್ಬಿಯಿಂದ. ಹುಡುಗ ತಿಕ್ಕಿದ, ಮೂಸಿದ, ಮುಖ ಹಿಂದಕ್ಕೆಳೆದುಕೊಂಡ; ಕಣ್ಣಲ್ಲಿ ನೀರು. ಅಮೋನಿಯಂ ಲವಣವನ್ನು ಸುಣ್ಣದ ಜತೆ ತಿಕ್ಕಿದರೆ ಅಮೋನಿಯಾ ಅನಿಲ ಬಿಡುಗಡೆಯಾಗುತ್ತದೆ, ಶಾಸ್ತ್ರೋಕ್ತವಾಗಿ ಅದೇ ಪರೀಕ್ಷೆ. ನಾವು ನೋಡಿದ ಪ್ರಯೋಗಗಳಲ್ಲೆಲ್ಲ ಉತ್ತರ ಗೊತ್ತಿಲ್ಲದೆ ಶುರುವಾಗಿ ಉತ್ತರದಲ್ಲಿ ಮುಗಿದದ್ದು ಇದೊಂದೇ. ಪರಂಪರೆಯ ದೃಷ್ಟಿಯಿಂದ ಇದು ಅಪಚಾರ. ಹುಡುಗ ರೆಕಾರ್ಡಿನಲ್ಲಿ ಇದನ್ನು ಬರೆಯಲಿಲ್ಲ.

ಸಾವಯವ ರಸಾಯನದ ಪುಟದಲ್ಲಿ ಇನ್ನೊಂದು ವಾಕ್ಯವಿದೆ: ಫೀನಾಲಿಗೆ ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಬಣ್ಣ ಬರುತ್ತದೆ. ಇದನ್ನು ನಕಲು ಮಾಡುತ್ತಿದ್ದ ತರೀಕೆರೆ ಕಡೆಯ ಹುಡುಗನ ಬೆರಳುಗಳು ಕಪ್ಪಗಿದ್ದವು. ಸುಗ್ಗಿಯ ಕಾಲ, ರಾತ್ರಿ ಮನೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದು ಬಂದಿದ್ದ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್‌ಗಳು ಫೀನಾಲಿನ ಬಳಗದವೇ. ಅವು ಕತ್ತಿಯ ಕಬ್ಬಿಣದ ಜತೆ ಸೇರಿ ಕಪ್ಪು ಬಣ್ಣವಾಗುತ್ತವೆ. ಹಳೆಯ ಕಾಲದ ನೀಲಿಗಪ್ಪು ಶಾಯಿ ಮಾಡುತ್ತಿದ್ದದ್ದೂ ಟ್ಯಾನಿನ್ ಮತ್ತು ಕಬ್ಬಿಣದ ಉಪ್ಪಿನಿಂದಲೇ. ಕಬ್ಬಿಣಕ್ಕೂ ಆ ತಾಲ್ಲೂಕಿನಲ್ಲಿ ಬರವಿರಲಿಲ್ಲ, ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಪರೀಕ್ಷೆಯ ಫಲಿತಾಂಶ ಬೆರಳಿನ ಮೇಲೆ ಬಂದು ಕೂತಿದ್ದರೂ, ಹುಡುಗ ಅದನ್ನು ಪ್ರಾಕ್ಟಿಕಲ್ಲಿಗೆ ಮೊದಲು ತಿಕ್ಕಿ ತೊಳೆಯಲು ನೋಡಿದ. ಕೊಳೆ ಕೈಯಲ್ಲಿ ರೆಕಾರ್ಡು ಮುಟ್ಟಿದರೆ ಬೈಯುತ್ತಾರೆ.

ಈ ಎಲ್ಲದರ ಹಿಂದಿರುವ ಭೌತ ನಿಯಮವನ್ನು ಉಪಕರಣ ಸಂರಕ್ಷಣಾ ನಿಯಮ ಎನ್ನಬಹುದು: ಉಪಕರಣವನ್ನು ಸೃಷ್ಟಿಸಲಾಗದು, ನಾಶಮಾಡಲಾಗದು, ಮುಟ್ಟಲೂ ಆಗದು. ಸ್ಪೆಕ್ಟ್ರೋಮೀಟರ್ ಗಾಜಿನ ಬೀರುವಿನಲ್ಲಿದೆ, ಬೀರುವಿಗೆ ಬೀಗವಿದೆ, ಬೀಗದ ಕೈ ಇರುವವರು ಮೀಟಿಂಗಿಗೆ ಹೋಗಿದ್ದಾರೆ. ನಗುವುದು ಸುಲಭ. ಆದರೆ ಸ್ಟಾಕ್ ರಿಜಿಸ್ಟರಿನಲ್ಲಿ ಹನ್ನೆರಡು ಬ್ಯೂರೆಟ್ ಇದ್ದು ಬೀರುವಿನಲ್ಲಿ ಹನ್ನೊಂದೇ ಇದ್ದರೆ, ಲೆಕ್ಕ ಒಪ್ಪಿಸಬೇಕಾದವರು ಮೇಷ್ಟ್ರು. ಮಕ್ಕಳು ಏನು ಕಲಿತರೆಂದು ತಪಾಸಣೆ ಮಾಡುವ ರಿಜಿಸ್ಟರ್ ಇಲ್ಲ. ಗಾಜು ಎಷ್ಟು ಉಳಿಯಿತೆಂಬುದಕ್ಕೆ ಇದೆ. ಮೇಷ್ಟ್ರ ಬೀಗ ಈ ಲೆಕ್ಕದ ತಾರ್ಕಿಕ ಫಲ. ಇಲ್ಲಿ ಮಾತ್ರ ಅಣಕದ ಲೇಖನಿ ತುಸು ಹಿಂಜರಿಯುತ್ತದೆ.

ಪೂರ್ವಪಕ್ಷದವರು ಕೇಳಬಹುದು: ಬೇರೆ ರೀತಿ ಯಾರೂ ಮಾಡಲಿಲ್ಲವೆ? ಮಾಡಿದ್ದರು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಬೋಧನಾ ಕಾರ್ಯಕ್ರಮ ಶುರುವಾಯಿತು. ಅಗ್ಗದ ಸಾಮಾನಿನ ಕಿಟ್ಟು ಮಕ್ಕಳ ಕೈಗೇ ಕೊಟ್ಟರು, ಪ್ರಯೋಗ ಮಾಡಿ ತಾವೇ ತೀರ್ಮಾನಕ್ಕೆ ಬರಲು ಬಿಟ್ಟರು, ಪರೀಕ್ಷೆಯಲ್ಲಿ ಪುಸ್ತಕ ತೆರೆದುಕೊಳ್ಳಲು ಬಿಟ್ಟರು. ಮೂವತ್ತು ವರ್ಷ ನಡೆದ ಮೇಲೆ 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಸಿದ್ಧಾಂತ ಪಕ್ಷಕ್ಕೆ ಇಷ್ಟು ಸಾಕು.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಕಡೂರು, ತರೀಕೆರೆ, ಅಜ್ಜಂಪುರದ ಯಾರದಾದರೂ ಮನೆಯ ಅಟ್ಟದ ಮೇಲೆ, ಲೋಲಕದ ಪ್ರಯೋಗದಲ್ಲಿ 9.6 ಅಥವಾ 10.1 ಎಂದು ಬರೆದು, ಏಕೆ ಹಾಗಾಯಿತೆಂದು ಕೆಳಗೆ ಎರಡು ಸಾಲು ವಿವರಿಸಿ, ಅದಕ್ಕೆ ಮೇಷ್ಟ್ರು ಪೂರ್ಣಾಂಕ ಕೊಟ್ಟು ಸಹಿ ಹಾಕಿರುವ ಒಂದೇ ಒಂದು ರೆಕಾರ್ಡು ಪುಸ್ತಕವಿದ್ದರೆ ದಯಮಾಡಿ ಕಳಿಸಿಕೊಡಿ. ಇದುವರೆಗೆ ಅಂಥ ಪ್ರತಿ ನಮಗೆ ದೊರೆತಿಲ್ಲ. ಅಂಚೆ ಖರ್ಚು ನಮ್ಮದು.