ಗಾಲಿಸಂಧಿ ಪ್ರಕರಣ

ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ರಚಿಸುವಾಗ ಮೊದಲ ಪ್ರಕರಣವನ್ನೇ ಸಂಧಿಗೆ ಮೀಸಲಿಟ್ಟ. ಅಕ್ಷರಕ್ಕೆ ಅಕ್ಷರ ಎದುರಾದಾಗ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂದು ಅಷ್ಟು ಕೂಲಂಕಷವಾಗಿ ವಿಚಾರಿಸಿದ ಆ ಮಹನೀಯ, ಗಾಲಿಗೆ ಗಾಲಿ ಎದುರಾದರೆ ಏನು ಮಾಡಬೇಕೆಂದು ಒಂದು ಮಾತೂ ಹೇಳಿಲ್ಲ. ಆಗ ಸೈಕಲ್ಲೇ ಇರಲಿಲ್ಲ ಎಂಬ ಸಮಜಾಯಿಷಿಯನ್ನು ವಿದ್ವಾಂಸರು ಒಪ್ಪಬಹುದು. ಮನೆಯ ಅಟ್ಟದ ಮೇಲೆ ಎರಡು ಗಾಲಿ ಇಟ್ಟುಕೊಂಡು ಕೂತಿರುವ ನಾನು ಒಪ್ಪಲಾರೆ. ಆ ಕೊರತೆಯನ್ನು ತುಂಬಲೆಂದೇ ಈ ಪ್ರಬಂಧ.

ಮೊದಲು ಪರಿಭಾಷೆ. ರೋಡ್ ಬೈಕ್ ಕೊಂಡಾಗ ಅದರ ಜೊತೆಗೇ ಬರುವ ಗಾಲಿಗಳಿಗೆ ‘ಸ್ಟಾಕ್ ವೀಲ್’ ಎಂದು ಹೆಸರು. ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಪಾತ್ರೆಗಳ ಹಾಗೆ ಇವು ಗಟ್ಟಿ, ಭಾರ, ಮತ್ತು ನಾವು ಆರಿಸಿ ತಂದವಲ್ಲ. ಆರಂಭದ ದರ್ಜೆಯ ಸೈಕಲ್ಲಾದರೆ ಜೊತೆಯ ತೂಕ ಎರಡು ಕಿಲೋ ಆಸುಪಾಸು. ‘ಅಪ್‌ಗ್ರೇಡ್’ ಎಂದರೆ, ಸೈಕಲ್ಲಿಗೆ ಕೊಟ್ಟದ್ದರಲ್ಲಿ ಅರ್ಧದಷ್ಟು ಹಣ ಮತ್ತೆ ಸುರಿದು, ಒಂದು ಕಿಲೋ ಆರುನೂರು ಗ್ರಾಮಿನ ಕಾರ್ಬನ್ ಜೊತೆಯೊಂದನ್ನು ತರುವ ಕರ್ಮ. ಕರ್ಮ ಎಂಬುದನ್ನು ಇಲ್ಲಿ ವ್ಯಾಕರಣದ ಅರ್ಥದಲ್ಲೇ ಬಳಸಿದ್ದೇನೆ.

ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಹೊಸ ಗಾಲಿ ಬರುವುದನ್ನು ಲೋಕವೆಲ್ಲ ಆದೇಶಸಂಧಿಯೆಂದೇ ನಂಬಿದೆ. ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ ಕಕಾರ ಎದ್ದು ಹೋಗಿ ಆ ಜಾಗದಲ್ಲಿ ಗಕಾರ ಬಂದು ಕೂರುತ್ತದಲ್ಲ, ಹಾಗೆ. ನಾನೂ ಮನೆಯಲ್ಲಿ ಇದೇ ತರ್ಕ ಹೂಡಿ ಅನುಮತಿ ಗಿಟ್ಟಿಸಿದ್ದೆ: “ಅದು ಹೋಗತ್ತೆ, ಇದು ಬರತ್ತೆ, ಅಷ್ಟೇ.” ಆದರೆ ಸಂಧಿಯಲ್ಲಿ ಎದ್ದು ಹೋದ ಕಕಾರ ಯಾರ ಮನೆಯ ಅಟ್ಟವನ್ನೂ ಹತ್ತುವುದಿಲ್ಲ. ಮೂರನೆಯ ದಿನ ಉಪ್ಪಿನಕಾಯಿ ಜಾಡಿ ಇಳಿಸಲು ಸ್ಟೂಲ್ ಹತ್ತಿದ ಅಮ್ಮ ಮೇಲಿನಿಂದಲೇ ಕೇಳಿದಳು: “ಏನೋ ಇದು, ಸೈಕಲ್ ಒಂದು, ಗಾಲಿ ನಾಲ್ಕು?”

ಆದೇಶವೆಂದು ತಂದದ್ದು ಆಗಮವಾಗಿ ಬಯಲಾದದ್ದು ಹೀಗೆ. ಆ ಕ್ಷಣದ ಅರಿವನ್ನು ಸ್ವರಚಿತ ಸೂತ್ರವೊಂದರಲ್ಲಿ ಹಿಡಿದಿಟ್ಟಿದ್ದೇನೆ:

ಪೊಸತು ಪುಗೆ ಪೞತಟ್ಟಮನೇಱುಗುಂ.

ಇದರ ವೃತ್ತಿ: ಹೊಸದು ಒಳಹೊಗಲು ಹಳೆಯದು ಅಟ್ಟವನ್ನೇರುತ್ತದೆ. ಸೂಕ್ಷ್ಮಮತಿಗಳು ಗಮನಿಸಬೇಕು. ‘ಪೞತು’ ಎಂಬುದು ‘ಅಟ್ಟಮಂ’ ಜೊತೆ ಸೇರುವಾಗ ತನ್ನ ಕೊನೆಯ ಉಕಾರವನ್ನು ಕಳೆದುಕೊಂಡಿದೆ. ಲೋಪವಾದದ್ದು ಅಷ್ಟೇ. ಉಳಿದ ಪೞತು ಇನ್ನೂ ಅಟ್ಟದಲ್ಲಿದೆ. ಈ ಉಕಾರ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಲೋಪವಾದಿಗಳ ಮತ ಸರಳ: ಮಾರಿಬಿಡು, ಬಂದ ದುಡ್ಡನ್ನು ಹೊಸ ಗಾಲಿಯ ಲೆಕ್ಕಕ್ಕೆ ಹಾಕು. ಈ ಮತವನ್ನು ಪರೀಕ್ಷಿಸಲು ನಾನು ಪಕ್ಕದ ರಸ್ತೆಯ ಮೆಕ್ಯಾನಿಕ್ಕನ ಬಳಿ ಹೋದೆ. ಆತ ಮಾತಾಡದೆ ಸೂರಿನತ್ತ ಬೆರಳು ತೋರಿಸಿದ. ದೀಪಾವಳಿ ತೋರಣದ ಹಾಗೆ ಆರು ಜೊತೆ ಸ್ಟಾಕ್ ವೀಲು ನೇತಾಡುತ್ತಿದ್ದವು. “ಎಲ್ಲರೂ ಮಾರೋರೇ ಸಾರ್. ಇದನ್ನ ತಗೊಳ್ಳೋನ ಸೈಕಲ್ಲಲ್ಲಿ ಆಗ್ಲೇ ಇದೇ ಇರತ್ತೆ.” ಅರ್ಥಶಾಸ್ತ್ರದ ಹಲವು ಅಧ್ಯಾಯಗಳು ಆ ಒಂದು ವಾಕ್ಯದಲ್ಲಿ ಅಡಗಿದ್ದವು. ರಿಮ್ ಬ್ರೇಕಿನ ಗಾಲಿಯಾದರಂತೂ ಬ್ರೇಕ್ ಹಿಡಿದಷ್ಟೂ ಅಲ್ಯೂಮಿನಿಯಂ ಪಕ್ಕೆ ಸವೆಯುತ್ತದೆ. ಕೊಳ್ಳುವವನು ಅಲ್ಲಿ ಹೆಬ್ಬೆರಳು ಆಡಿಸಿ, ತಗ್ಗು ಸಿಕ್ಕ ಕೂಡಲೇ ಮುಖ ಹುಳ್ಳಗೆ ಮಾಡುತ್ತಾನೆ. ಆಮೇಲೆ ಉಳಿಯುವುದು ಗುಜರಿಯವನ ತಕ್ಕಡಿ. ಹೊಸ ಗಾಲಿಯಲ್ಲಿ ಕಡಿಮೆಯಾದ ಪ್ರತಿ ಗ್ರಾಮಿಗೂ ನಾವು ದುಡ್ಡು ತೆತ್ತಿದ್ದೇವೆ. ಜಗತ್ತಿನಲ್ಲಿ ಸ್ಟಾಕ್ ವೀಲಿನ ಭಾರಕ್ಕೆ ದುಡ್ಡು ಕೊಡುವವನು ಅವನೊಬ್ಬನೇ.

ಆದರೂ ಜನ ಮಾರಲು ಯಾಕಿಷ್ಟು ಆತುರಪಡುತ್ತಾರೆ? ಇಲ್ಲಿ ಗಣಿತ ಅನಿವಾರ್ಯ. ನಾನು, ಸೈಕಲ್, ನೀರಿನ ಬಾಟಲಿ, ಜೇಬಿನ ಚಿಕ್ಕಿ ಎಲ್ಲ ಸೇರಿ 85 ಕಿಲೋ. ಗಾಲಿ ಬದಲಿಸಿ ಉಳಿಸಿದ್ದು 400 ಗ್ರಾಂ, ಅಂದರೆ ಅರ್ಧ ಪ್ರತಿಶತಕ್ಕೂ ಕಡಿಮೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಏರನ್ನು ಅರ್ಧ ಗಂಟೆಯಲ್ಲಿ ಹತ್ತುವವನಿಗೆ ಇದರಿಂದ ದಕ್ಕುವುದು ಹೆಚ್ಚೆಂದರೆ ಎಂಟೂವರೆ ಸೆಕೆಂಡು. ನಾನು ಅರ್ಧ ಗಂಟೆಯಲ್ಲಿ ಹತ್ತುವವನಲ್ಲ. ತಿರುಗುವ ತೂಕ ಎರಡು ಪಟ್ಟು ಎಂದು ಕೆಲವರು ಮೇಜು ಕುಟ್ಟುತ್ತಾರೆ. ಮಾತು ನಿಜ, ರಿಮ್ಮಿನ ಅಂಚಿನ ತೂಕಕ್ಕೆ ವೇಗ ಹೆಚ್ಚಿಸುವಾಗ ಬೇಕಾದ ಶಕ್ತಿ ಸುಮಾರು ಎರಡರಷ್ಟು. ಆದರೆ ಅದು ವೇಗ ಹೆಚ್ಚಿಸುವವರಿಗೆ ಮಾತ್ರ ಅನ್ವಯ. ಎತ್ತರದ ರಿಮ್ಮು ಗಾಳಿ ಸೀಳುವ ಲಾಭ ಬೇರೆ ಇದೆ ಎನ್ನುತ್ತಾರೆ. ಇರಬಹುದು. ಗಾಳಿಗೆ ನನ್ನ ಗಾಲಿಗಿಂತ ಮೊದಲು ನನ್ನ ಹೊಟ್ಟೆ ಸಿಗುತ್ತದೆ.

ಈ ಎಂಟೂವರೆ ಸೆಕೆಂಡಿನ ಸತ್ಯ ಗೊತ್ತಿರುವುದು ಇಬ್ಬರಿಗೆ: ಸವಾರನಿಗೆ ಮತ್ತು ಅಟ್ಟದ ಮೇಲಿನ ಹಳೆಯ ಗಾಲಿಗೆ. ಎಂದಾದರೂ ಅದನ್ನು ಇಳಿಸಿ, ಹಾಕಿ, ಹತ್ತಿ ನೋಡಿ, ಸಮಯ ಹೆಚ್ಚುಕಮ್ಮಿ ಅಷ್ಟೇ ಬಂದರೆ? ಮಾರುವ ಆತುರದ ಹಿಂದಿರುವುದು ಹಣದಾಸೆಯಲ್ಲ, ಸಾಕ್ಷಿನಾಶ.

ಇನ್ನು ಆಗಮವಾದಿಗಳು. ಇವರ ಸ್ತೋತ್ರ ಒಂದೇ: “ಇರಲಿ, ಮಳೆಗಾಲಕ್ಕೆ ಬೇಕಾಗತ್ತೆ.” ನಾನು ಹುಟ್ಟಾ ಇದೇ ಪಂಥದವನು. ಐಸ್‌ಕ್ರೀಮ್ ಡಬ್ಬಿಯಲ್ಲಿ ಹುಣಸೆಹಣ್ಣು ತುಂಬಿಡುವ ಮನೆಯಲ್ಲಿ ಬೆಳೆದವನಿಗೆ ಬೇರೆ ಪಂಥ ಎಲ್ಲಿಂದ ಬರಬೇಕು? ಅವರ ಮಾತಿಗೆ ಆಧಾರವೂ ಇದೆ. ನೆನೆದ ಕಾರ್ಬನ್ ರಿಮ್ಮಿನ ಮೇಲೆ ಬ್ರೇಕು ಸರಿಯಾಗಿ ಕಚ್ಚುವುದಿಲ್ಲ. ಆ ವಿಷಯದಲ್ಲಿ ಹಳೇ ಗಂಡನ ಪಾದವೇ ಗತಿ. ಗಾಲಿ ಕಳಚುವುದೂ ಕಷ್ಟವಲ್ಲ. ಇಟಲಿಯ ಸೈಕಲ್ ರೇಸಿಗ ಟುಲಿಯೊ ಕಂಪಾನ್ಯೊಲೊನ ಹೆಸರಿಗೆ ಅಂಟಿಕೊಂಡಿರುವ ಕ್ವಿಕ್ ರಿಲೀಸ್ ಎಂಬ ಪುಟ್ಟ ಹಿಡಿಕೆಯನ್ನು ಮಡಚಿ ತೆರೆದರೆ ಆಯಿತು, ಗಾಲಿ ಕೈಗೆ ಬರುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ಕಾರ್ಬನ್ ರಿಮ್ಮಿನ ಬ್ರೇಕ್ ಪ್ಯಾಡೇ ಬೇರೆ, ಅಲ್ಯೂಮಿನಿಯಂ ರಿಮ್ಮಿನದೇ ಬೇರೆ. ಅದಲು ಬದಲಾದರೆ ಪ್ಯಾಡಿನೊಳಗೆ ಹೂತ ಅಲ್ಯೂಮಿನಿಯಂ ಚೂರುಗಳು ಹೊಸ ರಿಮ್ಮನ್ನು ಗೀರಿಹಾಕುತ್ತವೆ. ಹಾಗಾಗಿ ನಾಲ್ಕು ಪ್ಯಾಡ್ ಕಳಚಿ ನಾಲ್ಕು ಹಾಕು. ಹೊಸ ರಿಮ್ಮು ಅಗಲ, ಹಳೆಯದು ಕಿರಿದು; ಬ್ರೇಕ್ ಕೇಬಲ್ ಬಿಗಿ ಮಾಡು. ಕ್ಯಾಸೆಟ್ ಎಂಬ ಹಿಂದಿನ ಹಲ್ಲುಚಕ್ರಗಳ ಗೊಂಚಲು ಒಂದೇ ಇದ್ದರೆ ಅದನ್ನೂ ಬಿಚ್ಚಿ ಈ ಗಾಲಿಯಿಂದ ಆ ಗಾಲಿಗೆ ಸಾಗಿಸು. ಅದು ಕೂರುವ ಫ್ರೀಹಬ್ ಹೊಸ ಗಾಲಿಯಲ್ಲಿ ಹನ್ನೊಂದು ಗೇರಿನದಾಗಿ, ಕ್ಯಾಸೆಟ್ ಒಂಬತ್ತರದ್ದಾದರೆ ನಡುವೆ 1.85 ಮಿಲಿಮೀಟರಿನ ತೆಳ್ಳನೆಯ ಬಳೆಯೊಂದು ಕೂರಬೇಕು. ಆ ಬಳೆ ಪ್ರತಿ ಸಲವೂ ಉರುಳಿಕೊಂಡು ಫ್ರಿಜ್ಜಿನಡಿಗೇ ಹೋಗುತ್ತದೆ, ಇದು ಪ್ರಯೋಗಸಿದ್ಧ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ಮಳೆ ನಿಂತು ಬಿಸಿಲು ಬಂದಿರುತ್ತದೆ. ಇದರಿಂದ ಪಾರಾಗಲು ಇನ್ನೊಂದು ಕ್ಯಾಸೆಟ್, ಇನ್ನೊಂದು ಜೊತೆ ಟೈರು, ಟ್ಯೂಬು ಕೊಳ್ಳಬೇಕು. ಪುಕ್ಕಟೆ ಉಳಿದ ಗಾಲಿಯನ್ನು ಸಾಕಲು ಖರ್ಚು ಮಾಡುವುದಕ್ಕೆ ಆಗಮದ ಆಗಮ ಎಂದು ಹೆಸರಿಡಬಹುದು.

ಮನೆಯೊಳಗೆ ಸೈಕಲ್ಲನ್ನು ಟ್ರೇನರ್ ಎಂಬ ಚೌಕಟ್ಟಿಗೆ ಸಿಕ್ಕಿಸಿ ನಿಂತಲ್ಲೇ ತುಳಿಯುವವರು ಹಳೆಯ ಹಿಂದಿನ ಗಾಲಿಯನ್ನು, ಸವೆದ ಟೈರಿನ ಸಮೇತ, ಅದಕ್ಕೇ ಬಿಟ್ಟುಬಿಡಬಹುದು. ನ್ಯಾಯವಾದ ಬಳಕೆ. ನನ್ನ ಬಳಿ ಟ್ರೇನರ್ ಇಲ್ಲ. ಈ ವಾದಕ್ಕಾಗಿ ಒಂದು ಕೊಳ್ಳುವ ವಿಚಾರ ಬಂದು ಹೋಯಿತು.

ಇಟ್ಟುಕೊಳ್ಳಲು ನಾನು ಕಂಡ ಗಟ್ಟಿ ಕಾರಣ ಒಂದೇ. ಹಳೆಯ ಬೌದ್ಧ ಸಂವಾದವೊಂದರಲ್ಲಿ ರಾಜ ಮಿಲಿಂದನಿಗೆ ಭಿಕ್ಷು ನಾಗಸೇನ ಕೇಳುತ್ತಾನೆ: ಮೂಕಿ ರಥವೇ? ಅಚ್ಚು ರಥವೇ? ಗಾಲಿ ರಥವೇ? ರಾಜ ಎಲ್ಲಕ್ಕೂ ಅಲ್ಲ ಎನ್ನುತ್ತಾನೆ. ಅವರಿಬ್ಬರಲ್ಲಿ ಯಾರಿಗೂ ರಥ ಮಾರುವ ಸಂದರ್ಭ ಬಂದಿರಲಿಲ್ಲವೆಂದು ಕಾಣುತ್ತದೆ. ಸೈಕಲ್ ಕೊಳ್ಳಲು ಬಂದವನು ಮೊದಲು ಕೇಳುವುದು “ಒರಿಜಿನಲ್ ವೀಲ್ ಎಲ್ಲಿ?” ಎಂದು, ಕಾರ್ಬನ್ ಗಾಲಿಗೆ ಆತ ಹೆಚ್ಚು ದುಡ್ಡು ಬಿಚ್ಚುವವನಲ್ಲ. ಹಳೆಯದನ್ನು ಸೈಕಲ್ಲಿಗೆ ಸಿಕ್ಕಿಸಿ ಕೊಟ್ಟು, ಹೊಸದನ್ನು ಬೇರೆ ಮಾರುವುದೋ ಮುಂದಿನ ಸೈಕಲ್ಲಿಗೆ ಹಾಕುವುದೋ ಮಾಡಿದರೆ ಎರಡು ಕಡೆಯೂ ನಷ್ಟವಿಲ್ಲ. ಆದ್ದರಿಂದ ಸೈಕಲ್ ಇರುವ ತನಕ ಗಾಲಿ ಇರತಕ್ಕದ್ದು ಎಂದು ತೀರ್ಮಾನಿಸಿ ಹಾಳೆ ಮಡಚಿಟ್ಟಿದ್ದೆ.

ಅಷ್ಟರಲ್ಲಿ, ತೀರ್ಮಾನಕ್ಕೆ ಮೊದಲು ಹತ್ತು ಜನರಿಗೆ ಹೇಳಿಟ್ಟದ್ದರ ಫಲವಾಗಿ, ಹುಡುಗನೊಬ್ಬ ಗಾಲಿ ನೋಡಲು ಬಂದ. ಎರಡನ್ನೂ ತಿರುಗಿಸಿ ನೋಡಿದ, ಔಟ್ ಇಲ್ಲ ಎಂದ, ಪಕ್ಕೆಗೆ ಹೆಬ್ಬೆರಳು ಆಡಿಸಿದ. ಕಾಫಿಯನ್ನೂ ಕುಡಿದ. ಆಮೇಲೆ ಸಂಕೋಚದಿಂದ, “ಅಂಕಲ್, ನಮ್ಮನೆ ಅಟ್ಟದಲ್ಲೇ ಎರಡು ಜೊತೆ ಇದೆ. ನಂದು ಕ್ವಿಕ್ ರಿಲೀಸ್ ಕಳೆದುಹೋಗಿದೆ. ಅದು ಮಾತ್ರ ಕೊಡ್ತೀರಾ?” ಅಂದ.

ಇನ್ನೂರು ರೂಪಾಯಿಗೆ ಕೊಟ್ಟೆ. ಗಾಲಿಗಳನ್ನು ಮತ್ತೆ ಮೇಲೇರಿಸುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಇಣುಕಿ, “ಮಾರಿದ್ಯೇನೋ?” ಎಂದಳು.

“ಉಕಾರ ಹೋಯ್ತು ಅಮ್ಮ,” ಅಂದೆ.