ಮೂರು ಚೆಂಡಿನ ಡಬ್ಬಿ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಹೃದಯ ಕಸಿಗೆ ಕಾಯುವವರ ಪಟ್ಟಿಗೆ ನಿಮ್ಮ ಹೆಸರು ಸೇರಿದೆ, ಜೊತೆಗೆ ಮೂರು ಬಣ್ಣದ ಚೆಂಡುಗಳ ಈ ಪ್ಲಾಸ್ಟಿಕ್ ಡಬ್ಬಿಯೂ ನಿಮ್ಮ ಪಾಲಿಗೆ ಬಂದಿದೆ. ಬಿಲ್ಲಿನಲ್ಲಿ ಇದರ ಹೆಸರು ಸ್ಪೈರೋಮೀಟರ್. ಲಕ್ಷಗಳಲ್ಲೇ ಮಾತಾಡುವ ಆಪರೇಷನ್ನಿನ ಅಂದಾಜುಪಟ್ಟಿಯ ಮುಂದೆ ಇದರ ಬೆಲೆ ಯಾವ ಲೆಕ್ಕಕ್ಕೂ ಇಲ್ಲ. ಹಾಗೆಂದು ಟಿವಿಯ ಪಕ್ಕ ಅಲಂಕಾರಕ್ಕೆ ಇಡಬೇಡಿ.

ಪರಿಚಯ: ಪಕ್ಕಪಕ್ಕದಲ್ಲಿ ಮೂರು ಕೊಳವೆ, ಒಂದೊಂದರಲ್ಲೂ ಒಂದು ಚೆಂಡು, ಬುಡದಿಂದ ಹೊರಟ ಸುಕ್ಕುಸುಕ್ಕು ಪೈಪು, ಅದರ ತುದಿಯಲ್ಲಿ ಬಾಯಿಗಿಡುವ ಮೌತ್‌ಪೀಸ್. ಕೊಳವೆಗಳ ಮೇಲೆ 600, 900, 1200 ಎಂದಿರುತ್ತದೆ. ಸೆಕೆಂಡಿಗೆ ಅಷ್ಟು ಸಿಸಿ ಗಾಳಿ ಎಳೆದರೆ ಆ ಚೆಂಡು ಏಳುತ್ತದೆ ಎಂದರ್ಥ.

ಬಳಕೆ: ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಈಗ ಊದಿ. ಚೆಂಡು ಅಲ್ಲಾಡಲಿಲ್ಲ ಅಲ್ಲವೇ? ಒಳ್ಳೆಯದು, ಎಲ್ಲರೂ ಮೊದಲು ಮಾಡುವುದು ಇದನ್ನೇ. ಅಜ್ಜಿಯ ಒಲೆ ಮುಂದಿನ ಊದುಗೊಳವೆ ಅಲ್ಲ ಇದು. ಗಾಳಿ ಹೋಗಬೇಕಾದ್ದು ನಿಮ್ಮೊಳಕ್ಕೆ. ಫಿಸಿಯೋಥೆರಪಿಯ ಹುಡುಗಿ ದಿನವಿಡೀ ಹೇಳುವ ಮಾತೂ ಅದೇ: "ಊದೋದಲ್ಲ ಅಂಕಲ್, ಎಳೆಯೋದು." ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿಯನ್ನು ಮೌತ್‌ಪೀಸಿಗೆ ಬಿಗಿಯಾಗಿ ಮುಚ್ಚಿ, ನಿಧಾನಕ್ಕೆ ಎಳೆಯಿರಿ. ಚೆಂಡು ಮೇಲಿದ್ದಾಗ ಎರಡು ಮೂರು ಸೆಕೆಂಡು ನಿಲ್ಲಿಸಿ, ಆಮೇಲೆ ಬಿಡಿ.

ಇಲ್ಲಿ ಗಂಡಸರಿಗೆ ವಿಶೇಷ ಸೂಚನೆ. ಗಬಕ್ಕನೆ ಒಮ್ಮೆ ಎಳೆದರೆ ಮೂರೂ ಚೆಂಡು ಟಕ್ಕೆಂದು ಮೇಲೆ ಹೊಡೆದು, ಅಷ್ಟೇ ಬೇಗ ಕೆಳಗೆ ಬೀಳುತ್ತವೆ. ನೋಡಲು ಬಂದ ಷಡ್ಡಕ ಚಪ್ಪಾಳೆ ತಟ್ಟುತ್ತಾನೆ. ಶ್ವಾಸಕೋಶದ ಬುಡಕ್ಕೆ ಮಾತ್ರ ಏನೂ ಮುಟ್ಟಿರುವುದಿಲ್ಲ. ಒಂದೇ ಚೆಂಡನ್ನು ಮೇಲೆ ತಡೆದು ನಿಲ್ಲಿಸಿದವರೇ ವಾಸಿ. ಚೆಂಡು ಅಳೆಯುವುದು ಗಾಳಿಯ ವೇಗವನ್ನು, ನಮಗೆ ಬೇಕಿರುವುದು ಆಳ. ಡಬ್ಬಿ ಮಾಡಿದವರು ಇದನ್ನು ಇನ್ನಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬಹುದಿತ್ತು.

ಎಚ್ಚರಿಕೆ: ತಲೆ ಸುತ್ತಿದರೆ, ಎದೆ ನೋವು ಬಂದರೆ ನಿಲ್ಲಿಸಿ. ಸೋತ ಹೃದಯಕ್ಕೆ ದಿನಕ್ಕೆ ಎಷ್ಟು ಸಲ ಎನ್ನುವುದನ್ನು ಡಾಕ್ಟರೇ ಹೇಳಬೇಕು. ಟಿವಿ ನೋಡಿ ಕಪಾಲಭಾತಿ ಕಲಿತ ಭಾವಮೈದುನ ಹೇಳುವಂತಿಲ್ಲ.

ಹೃದಯ ಬದಲಾಯಿಸುವವರಿಗೆ ಶ್ವಾಸಕೋಶದ ಗೊಡವೆ ಯಾಕೆ ಎಂದು ಕೇಳುವವರು 1967ರ ಕೇಪ್‌ಟೌನಿಗೆ ಹೋಗಿಬರಬೇಕು. ಆ ಡಿಸೆಂಬರ್ 3ರಂದು ಸರ್ಜನ್ ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ರೋಗಿ ಲೂಯಿ ವಾಷ್‌ಕಾನ್‌ಸ್ಕಿಗೆ ಇನ್ನೊಬ್ಬರ ಹೃದಯ ಕೂರಿಸಿದರು. ಜಗತ್ತೆಲ್ಲ ಆ ಹೃದಯದ ಬಡಿತಕ್ಕೇ ಕಿವಿಗೊಟ್ಟಿತ್ತು. ಹೃದಯವೇನೋ ಚೆನ್ನಾಗಿಯೇ ಬಡಿಯಿತು. 18 ದಿನದಲ್ಲಿ ಅವರನ್ನು ಕೊಂಡೊಯ್ದದ್ದು ನ್ಯುಮೋನಿಯ. ಹೊಸ ಹೃದಯವನ್ನು ದೇಹ ಪರಕೀಯವೆಂದು ಹೊರದಬ್ಬದಿರಲಿ ಎಂದು ಕೊಟ್ಟ ಮದ್ದು ಸೋಂಕಿನ ಕಾವಲನ್ನೂ ಸಡಿಲಿಸಿತ್ತು. ಮದ್ದು ಈಗ ಎಷ್ಟೋ ಸುಧಾರಿಸಿದೆ, ಆದರೆ ಕಾವಲು ಸಡಿಲವಾಗುವುದು ಇಂದಿಗೂ ತಪ್ಪಿಲ್ಲ.

ಆಪರೇಷನ್ನಿನಲ್ಲಿ ರಕ್ತ ಹರಿಸುವ, ಅದಕ್ಕೆ ಆಮ್ಲಜನಕ ಬೆರೆಸುವ ಕೆಲಸವನ್ನೆಲ್ಲ ಯಂತ್ರ ನೋಡಿಕೊಳ್ಳುತ್ತದೆ. ಅಷ್ಟು ಹೊತ್ತು ಶ್ವಾಸಕೋಶ ಕುಗ್ಗಿ ಕೂತಿರುತ್ತದೆ. ಆಮೇಲೆ ಸೀಳಿದ ಎದೆಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ನೋವಿಗೆ ಹೆದರಿ ನೀವು ಮೇಲುಸಿರಷ್ಟೇ ಆಡುತ್ತೀರಿ. ಕೆಳಗಿನ ಗಾಳಿಚೀಲಗಳು ಮುಚ್ಚಿಕೊಂಡು ಕಫ ನಿಂತುಬಿಡುತ್ತದೆ. ಅರೆನಿದ್ದೆಯಲ್ಲಿ, ಮೈತುಂಬ ನಳಿಗೆ ಸಿಕ್ಕಿಸಿಕೊಂಡು, ಊದಬೇಕೋ ಎಳೆಯಬೇಕೋ ಎಂದು ಆಗ ಕಲಿಯಲಾದೀತೇ? ಈಗಲೇ ಕಲಿಯಿರಿ ಎನ್ನುವುದು ಅದಕ್ಕೇ.

ಕಲಿಯಲು ಎಷ್ಟು ದಿನವಿದೆ ಎಂದು ಮಾತ್ರ ಕೇಳಬೇಡಿ. ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮುಹೂರ್ತ ಇಟ್ಟುಕೊಡುವ ಜೋಯಿಸರಿಲ್ಲ. ಎಲ್ಲಿಯೋ ಒಂದು ಮನೆಯವರು ಅಳುತ್ತಲೇ ಒಪ್ಪಿಗೆಗೆ ಸಹಿ ಹಾಕಿದ ಮೇಲೆ ನಿಮ್ಮ ಫೋನು ಬಡಿದುಕೊಳ್ಳುತ್ತದೆ. ಹೊರತೆಗೆದ ಹೃದಯ ಮಂಜುಗಡ್ಡೆಯಲ್ಲಿ ತಾಳುವುದು ಸುಮಾರು 4 ಗಂಟೆ. ಅದಕ್ಕೆಂದೇ ಬೆಂಗಳೂರಿನ ಟ್ರಾಫಿಕ್ ಪೊಲೀಸರು ಸಿಗ್ನಲ್ ಹಿಡಿದು ಗ್ರೀನ್ ಕಾರಿಡಾರ್ ಮಾಡಿಕೊಡುತ್ತಾರೆ. ಈ ಊರಿನ ರಸ್ತೆಯೇ ಬಿಟ್ಟುಕೊಡುವಾಗ ನೀವು ಬೆಳಿಗ್ಗೆ ಧಾರಾವಾಹಿಯ ಮರುಪ್ರಸಾರ ನಿಲ್ಲಿಸಿ ಡಾಕ್ಟರು ಹೇಳಿದಷ್ಟು ಸಲ ಉಸಿರೆಳೆಯಲಾರಿರಾ?

ದೋಷ ಪರಿಹಾರ: ಆಪರೇಷನ್ ಆದ ಮೇಲೆ ಮೊದಲ ಚೆಂಡೂ ಏಳದಿದ್ದರೆ ಡಬ್ಬಿ ಕೆಟ್ಟಿದೆ ಎಂದು ನರ್ಸಮ್ಮನ ಜೊತೆ ಜಗಳಕ್ಕಿಳಿಯಬೇಡಿ. ಅಲುಗಾಡಿದರೂ ಸಾಕು, ನಾಳೆ ಇನ್ನಷ್ಟು ಏಳುತ್ತದೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿ. ತಡೆಹಿಡಿಯಬೇಡಿ, ಆ ಕಫ ಹೊರಬರಲೆಂದೇ ಇಷ್ಟೆಲ್ಲ. ಎಷ್ಟು ನಿಧಾನಕ್ಕೆ ಉಸಿರಾಡಿದರೂ ನಾಡಿ ಇಳಿಯುವುದಿಲ್ಲ ಎಂಬ ದೂರು ಬಂದರೆ, ಅದು ಉಪಕರಣದ ದೋಷವಲ್ಲ. ಕಸಿ ಮಾಡುವಾಗ ಹೃದಯದ ನರಗಳು ತುಂಡಾಗಿರುತ್ತವೆ. ಮಿದುಳು ಕಳಿಸುವ 'ಶಾಂತವಾಗು' ಎಂಬ ಸುದ್ದಿ ಅದಕ್ಕೆ ನೇರ ತಲುಪುವುದಿಲ್ಲ. ಸುಮ್ಮನೆ ಕೂತಿದ್ದಾಗಲೂ ಅದು ನಿಮಿಷಕ್ಕೆ 90-110 ಸಲ ತನ್ನ ಪಾಡಿಗೆ ಬಡಿಯುತ್ತಿರುತ್ತದೆ. ಹೊಸದಾಗಿ ಬಂದದ್ದು, ಮನೆಯವರ ಮಾತು ಕೇಳಲು ಸ್ವಲ್ಪ ಕಾಲ ಬೇಕು.

ಸಂಗ್ರಹಣೆ: ಮೌತ್‌ಪೀಸನ್ನು ತೊಳೆದು ಒಣಗಿಸಿ. ಆಸ್ಪತ್ರೆಗೆ ಹೊರಡುವ ಚೀಲದಲ್ಲಿ, ಫೈಲಿನ ಪಕ್ಕದಲ್ಲೇ ಇಡಿ. ಮೊಮ್ಮಗ ಆಟಕ್ಕೆ ಕೇಳಿದರೆ, ಪಕ್ಕದ ಮನೆಯ ದಮ್ಮಿನ ರಾಯರು ಎರಡು ದಿನಕ್ಕೆಂದು ಕೇಳಿದರೆ, ಕೊಡಬೇಡಿ. ಒಬ್ಬರ ಬಾಯಿಗಿಟ್ಟದ್ದು ಇನ್ನೊಬ್ಬರಿಗೆ ಆಗದು. ರಾಯರಿಗೆ ಮೆಡಿಕಲ್ ಶಾಪಿನ ದಾರಿ ತೋರಿಸಿ, ಊದಬಾರದೆಂದೂ ಹೇಳಿ ಕಳಿಸಿ.