ಪೇಟ ಮತ್ತು ಪಾಸ್‌ಬುಕ್

(ಹರಿಯಾಣದ ಒಂದು ಹಳ್ಳಿ, 2001. ಹುರಿಮಂಚದ ಮೇಲೆ ಹುಕ್ಕಾ ಎಳೆಯುತ್ತ ಪೇಟದ ಚೌಧರಿ. ಎದುರಿಗೆ ಮುಸುಕೆಳೆದುಕೊಂಡ ಸೊಸೆ. ಗಂಡ ಕಾರ್ಗಿಲ್‌ನಲ್ಲಿ ಮಡಿದ. ಮನೆಗೆ ವೀರಚಕ್ರ ಬಂತು, ಸೊಸೆಯ ಪಾಸ್‌ಬುಕ್‌ಗೆ ಅದರ ಭತ್ಯೆ.)

ಚೌಧರಿ: ನೋಡು ಬಹೂ, ನೀನು ಇಡೀ ಊರಿನ ಮಾನ. ಅದಕ್ಕೇ ಪಾಸ್‌ಬುಕ್ ನನ್ನ ಹತ್ರ ಇರಲಿ.

ಸೊಸೆ: ಮಾನ ನಾನಾದ್ರೆ ಪಾಸ್‌ಬುಕ್ಕೂ ನನ್ನ ಹತ್ರಾನೇ ಇರಲಿ, ತಾವೂಜಿ. ಪಟ್ಟಣಕ್ಕೆ ಹೋಗಿ ಹೊಲಿಗೆ ಕಲೀತೀನಿ.

ಚೌಧರಿ: ಛೆ ಛೆ! ಒಬ್ಬಳೇ ಬಸ್ ಹತ್ತೋದಾ? ಮೈದುನನ ಜೊತೆ ಮರುಮದುವೆ, ಕರೇವಾ ಮಾಡಿಸ್ತೀವಿ. ಅವನ ಹೆಸರಲ್ಲಿ ಚಾದರ ಹೊದ್ದುಕೋ, ಮುಗೀತು. ಜಮೀನು ಮನೇಲೇ ಉಳಿಯುತ್ತೆ.

ಸೊಸೆ: ಅವನಿಗಿನ್ನೂ ಹದಿನಾಲ್ಕು. ನಿನ್ನೆ ಅವನ ಭಿನ್ನರಾಶಿ ಲೆಕ್ಕ ನಾನೇ ಹೇಳಿಕೊಟ್ಟೆ.

ಚೌಧರಿ: ಗಂಡುಮಗ, ಬೆಳೀತಾನೆ ಬಿಡು. ಸರ್ಕಾರವೂ ನಮ್ಮ ಕಡೆಗೇ! ಹೊರಗಿನವನನ್ನ ಮದುವೆಯಾದ್ರೆ ಪದಕದ ಭತ್ಯೆ ಬಂದ್. ಗಂಡನ ಸೋದರನನ್ನೇ ಆದ್ರೆ ಬರ್ತಾನೇ ಇರುತ್ತೆ.

(ಇದು ನಿಜ; ಭತ್ಯೆಗೆ ಆಗ ಈ ಷರತ್ತಿತ್ತು. ಕುಲದ ಹಿರಿಯರ ಖಾಪ್ ಪಂಚಾಯಿತಿಗೆ ದಿಲ್ಲಿಯಲ್ಲೂ ಶಾಖೆ ಇದ್ದಂತಿತ್ತು.)

ಸೊಸೆ: ಮದುವೇನೇ ಬೇಡ ಅಂದ್ರೆ?

ಚೌಧರಿ (ಕೆಮ್ಮಿ): ಆಗಲೂ ಬರುತ್ತೆ... ಆದ್ರೆ ನಿನ್ನ ಕೈಗೇ ಬರುತ್ತಲ್ಲ! ಅದೇ ತೊಂದರೆ.

ಸೊಸೆ: ಅವರನ್ನ ಗುಂಡಿನೆದುರಿಗೆ ಕಳಿಸುವಾಗ ಯಾರೂ ಜೊತೆಗೆ ಹೋಗಲಿಲ್ಲ. ನಾನು ಹೋಗೋದು ಬಸ್‌ಸ್ಟ್ಯಾಂಡಿಗೆ.

(ಮಂಚದ ಮೇಲಿದ್ದ ಪಾಸ್‌ಬುಕ್ ಎತ್ತಿಕೊಂಡು ಹೊರಟಳು.)

ಆ ಷರತ್ತನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರ್‌ನಲ್ಲಿ. ಮೈದುನನಿಗೆ ಆಗ ಮೂವತ್ತು.